ಸೋಫಾದಲ್ಲಿ ಗುಂಯ್, ಅಡುಗೆಮನೆ ಬಾಗಿಲಲ್ಲಿ ಸೊಗಸು: ಮನೆಗೆ ಸ್ಪೀಕರ್ ಆರಿಸುವ ಕಥೆ

ಅಂಗಡಿಯ ಡೆಮೊ ಕೋಣೆಯಲ್ಲಿ ಆ ಸ್ಪೀಕರ್ ಕೇಳಿ ನಾನು ಮರುಳಾಗಿಬಿಟ್ಟೆ. ಎದೆಮಟ್ಟ ಬರುವ ದೊಡ್ಡ ಜೋಡಿ. ಇಳಯರಾಜರ ಒಂದು ಹಳೆಯ ಹಾಡು ಹಾಕಿದ್ದರು. ಬೇಸ್ ಗಿಟಾರ್ ಮೀಟುವ ಬೆರಳೇ ಕಣ್ಣಿಗೆ ಕಂಡಂತಿತ್ತು. ಕೂಡಿಟ್ಟ ದುಡ್ಡೆಲ್ಲ ಸುರಿದು ಮನೆಗೆ ತಂದೆ. ಬೆಂಗಳೂರಿನ ಫ್ಲ್ಯಾಟು. 14 ಅಡಿ ಉದ್ದ, 10 ಅಡಿ ಅಗಲದ ಹಾಲ್. ಅದೇ ಹಾಡು ಹಾಕಿದರೆ ಗಿಟಾರ್ ಎಲ್ಲಿದೆ? ಬರೀ ಗುಂಯ್. ಎರಡು ಸ್ವರಗಳಿಗೆ ಕಿಟಕಿ ಗಾಜು ನಡುಗುತ್ತಿತ್ತು. ಇನ್ನೊಂದು ಬಂದು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಅಂಗಡಿಗೆ ಫೋನ್ ಮಾಡಿದೆ. "ಹೊಸದಲ್ವಾ ಸಾರ್, ನೂರು ಗಂಟೆ ಓಡಲಿ, ಸರಿ ಹೋಗತ್ತೆ" ಎಂದರು. ಮುನ್ನೂರು ಗಂಟೆ ಓಡಿಸಿದೆ. ಎಲ್ಲಿತ್ತೋ ಅಲ್ಲೇ ಇತ್ತು.

ಒಂದು ಭಾನುವಾರ ಹಾಡು ಓಡುತ್ತಿರುವಾಗಲೇ ಕಾಫಿಗೆಂದು ಎದ್ದೆ. ನಮ್ಮ ಅಡುಗೆಮನೆ ಬಾಗಿಲು ಹಾಲ್‌ನ ಉದ್ದಗೋಡೆಯ ಹೆಚ್ಚುಕಡಿಮೆ ನಡುವಿನಲ್ಲಿದೆ. ಅಲ್ಲಿಗೆ ಹೋಗಿ ನಿಂತವನು ಹಾಗೇ ನಿಂತುಬಿಟ್ಟೆ. ಗುಂಯ್ ಮಾಯ! ಬೇಸ್ ಸ್ವಲ್ಪ ತೆಳು, ಆದರೆ ಸ್ವರ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತಿದೆ. ಸೋಫಾಕ್ಕೆ ವಾಪಸ್ ಹೋದೆ, ಮತ್ತೆ ಗುಂಯ್. ಸ್ಪೀಕರ್ ಅದೇ, ಹಾಡು ಅದೇ, ವಾಲ್ಯೂಮ್ ಅದೇ. ಬದಲಾಗಿದ್ದು ನಾನು ನಿಂತ ಜಾಗ ಒಂದೇ.

ಬಚ್ಚಲುಮನೆಯಲ್ಲಿ ಹಾಡುವವರಿಗೆಲ್ಲ ಇದರ ಅರ್ಧ ಉತ್ತರ ಗೊತ್ತಿದೆ. ಅಲ್ಲಿ ಯಾವುದೋ ಒಂದು ಸ್ವರ ಹಿಡಿದರೆ ಗೋಡೆಗಳೇ ಜೊತೆ ಹಾಡುತ್ತವೆ. ಪಕ್ಕದ ಸ್ವರಕ್ಕೆ ಹೋದರೆ ಸುಮ್ಮನಾಗುತ್ತವೆ. ಹಾಲ್‌ನಲ್ಲಿ ನಡೆಯುವುದೂ ಇದೇ. ಕೋಣೆ ದೊಡ್ಡದಾದ್ದರಿಂದ ಹಾಗೆ ಮೊಳಗುವ ಸ್ವರಗಳು ಇನ್ನೂ ಕೆಳಗಿರುತ್ತವೆ, ಅಂದರೆ ಬೇಸ್‌ನಲ್ಲಿ.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 1,000 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 1,000 ಸಲ ನಡುಗುವ ಸದ್ದಿನ, ಒಂದು ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. 40 ಹರ್ಟ್ಜ್‌ನ ಅಲೆ ಎಂಟೂವರೆ ಮೀಟರ್! ಅದು ನಮ್ಮ ಹಾಲ್‌ಗೆ ಹಿಡಿಸುವುದೇ ಇಲ್ಲ. ಗೋಡೆಯಿಂದ ಗೋಡೆಗೆ ಬಡಿದು ವಾಪಸ್ ಬಂದು ತನ್ನ ಮೇಲೆ ತಾನೇ ಬೀಳುತ್ತದೆ. ಅಲೆಯ ಅರ್ಧ ಉದ್ದ ಕೋಣೆಯ ಉದ್ದಕ್ಕೆ ಸರಿಯಾಗಿ ಕೂತರೆ ಮುಗಿಯಿತು, ಆ ಸ್ವರ ಅಲ್ಲೇ ತೊಟ್ಟಿಲಾಡುತ್ತದೆ. ಲೆಕ್ಕ ಸುಲಭ. 343ರ ಅರ್ಧ, ಅಂದರೆ ಸುಮಾರು 172ನ್ನು ಕೋಣೆಯ ಉದ್ದದಿಂದ, ಮೀಟರ್‌ನಲ್ಲಿ, ಭಾಗಿಸಿ. 14 ಅಡಿ ಅಂದರೆ 4.27 ಮೀಟರ್, ಉತ್ತರ ಸುಮಾರು 40 ಹರ್ಟ್ಜ್. 10 ಅಡಿಗೆ ಸುಮಾರು 56. ನಮ್ಮ ಸೂರಿನ ಎತ್ತರವೂ 10 ಅಡಿ. ಅಂದರೆ 56ಕ್ಕೆ ಎರಡು ಕಡೆಯಿಂದ ಬೆಂಬಲ.

ಈಗ ಬೇಸ್ ಗಿಟಾರ್ ನೋಡಿ. ಅದರ ಅತಿ ದಪ್ಪ ತಂತಿ 41 ಹರ್ಟ್ಜ್, ಅದರ ಮುಂದಿನದು 55. ಎರಡೂ ನಮ್ಮ ಹಾಲ್‌ನ ಸ್ವರಗಳ ಮೇಲೇ ಬಂದು ಕೂತಿವೆ! ಮೂರನೆಯ ತಂತಿ 73. ಪಾಪ, ಅದಕ್ಕೆ ಅಂಥ ಬೆಂಬಲವಿಲ್ಲ. ಮುನ್ನೂರು ಗಂಟೆಯಲ್ಲ, ಮೂರು ಸಾವಿರ ಗಂಟೆ ಓಡಿಸಿದರೂ ಇದು ಸರಿಹೋಗುವ ಮಾತಲ್ಲ. ಗೋಡೆ ಹಳೆಯದಾದರೆ ಹಾಲ್ ಚಿಕ್ಕದಾಗುತ್ತದೆಯೇ?

ಹಾಗಾದರೆ ಅಡುಗೆಮನೆ ಬಾಗಿಲಲ್ಲಿ ಏನಾಯಿತು? ಒಂದು ಉದ್ದನೆಯ ತಟ್ಟೆಯಲ್ಲಿ ನೀರು ತುಂಬಿ ಹಿಂದೆಮುಂದೆ ತೂಗಿ. ಎರಡೂ ತುದಿಯಲ್ಲಿ ನೀರು ಏರಿಳಿಯುತ್ತದೆ, ನಟ್ಟನಡುವೆ ಮಟ್ಟ ಅಲುಗುವುದೇ ಇಲ್ಲ. ಕೋಣೆಯೊಳಗಿನ ಗಾಳಿಯ ಒತ್ತಡವೂ ಹೀಗೇ. ಗೋಡೆಗಳ ಹತ್ತಿರ ಜಾಸ್ತಿ, ನಡುವಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ನಮ್ಮ ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡಿತ್ತು, ಅಂದರೆ ತಟ್ಟೆಯ ತುದಿಯಲ್ಲಿ. ಬಾಗಿಲು ನಡುವಿನಲ್ಲಿ. ಅದೂ ಅಲ್ಲದೆ, ನಿಂತಾಗ ನನ್ನ ಕಿವಿ ಇರುವುದು ಸುಮಾರು ಐದು ಅಡಿ ಎತ್ತರದಲ್ಲಿ, ಹತ್ತು ಅಡಿ ಸೂರಿಗೆ ಅದು ಅರ್ಧ.

ನಮ್ಮ ಕಡೆಯ ಮನೆಗಳಿಗೆ ಈ ಕಾಟ ಸ್ವಲ್ಪ ಜಾಸ್ತಿಯೇ. ಹೈ-ಫೈ ಸಲಹೆಗಳಲ್ಲಿ ಬಹುಪಾಲು ಬರುವುದು ಅಮೆರಿಕ, ಯುರೋಪಿನಿಂದ. ಅಮೆರಿಕದ ಬಹಳಷ್ಟು ಮನೆಗಳ ಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದದ್ದು. ಬೇಸ್ ಬಂದಾಗ ಆ ಗೋಡೆ ತಾನೂ ಸ್ವಲ್ಪ ನಡುಗುತ್ತದೆ, ಒಂದಷ್ಟು ಬೇಸ್ ನುಂಗುತ್ತದೆ, ಒಂದಷ್ಟನ್ನು ಆಚೆ ಬಿಡುತ್ತದೆ. ನಮ್ಮದು ಇಟ್ಟಿಗೆ, ಕಾಂಕ್ರೀಟು, ಮೇಲೆ ಸಿಮೆಂಟ್ ಗಾರೆ, ಕೆಳಗೆ ವಿಟ್ರಿಫೈಡ್ ಟೈಲ್ಸ್. ಒಳಗೆ ಬಂದ ಬೇಸ್‌ಗೆ ಹೊರಗೆ ಹೋಗಲು ದಾರಿಯೇ ಇಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ನೆಂಟರ ಮನೆಗೆ ಮಂಗಳೂರು ಹೆಂಚಿನ ಮಾಡು. ಅಲ್ಲಿ ಹಾಡು ಹಾಕಿದರೆ ಬೇಸ್ ಕಡಿಮೆ, ಆದರೆ ಎಷ್ಟು ಚೊಕ್ಕ! ಗುಂಯ್ ಅನ್ನುವುದೆಲ್ಲ ಹೆಂಚಿನ ಸಂದಿಯಲ್ಲಿ ಹಾರಿಹೋಗುತ್ತದೆ. ಹಾಗಾಗಿ ವಿದೇಶದವರು "ಈ ಸ್ಪೀಕರಿಗೆ ಬೇಸ್ ಸಾಲದು" ಎಂದರೆ ನಮ್ಮ ಫ್ಲ್ಯಾಟಿಗೆ ಅದು ಸಾಕಷ್ಟೇ ಆಗಬಹುದು.

ಇಲ್ಲಿಂದ ನನ್ನ ಮೊದಲ ಸಲಹೆ, ಅನೇಕರಿಗೆ ಹಿಡಿಸದ ಸಲಹೆ. ಸಾಮಾನ್ಯ ಗಾತ್ರದ ಹಾಲ್‌ಗೆ ಎದೆಮಟ್ಟದ ಸ್ಪೀಕರ್ ಬೇಡ. ಚಿಕ್ಕ ಬುಕ್‌ಶೆಲ್ಫ್ ಜೋಡಿ ತನ್ನಿ, ಬೇಕಾದರೆ ಆಮೇಲೆ ಒಂದು ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ಬೇರೆ ಪೆಟ್ಟಿಗೆ, ಸೇರಿಸಿ. ದುಡ್ಡು ಉಳಿಸಲು ಹೇಳುತ್ತಿಲ್ಲ. ಎಡಬಲದ ಚಿತ್ರ, ಹಾಡುವವರು ಕಣ್ಣೆದುರು ನಿಂತಂತೆ ಕೇಳುವುದು, ಇದಕ್ಕೆ ಸ್ಪೀಕರ್ ಒಂದು ಜಾಗದಲ್ಲಿರಬೇಕು. ಬೇಸ್ ಸಮನಾಗಿ ಬರಲು ಇನ್ನೊಂದು ಜಾಗದಲ್ಲಿರಬೇಕು. ಈ ಎರಡು ಜಾಗ ಒಂದೇ ಆಗುವುದು ತೀರಾ ಅಪರೂಪ. ದೊಡ್ಡ ಸ್ಪೀಕರಿನಲ್ಲಿ ಎರಡೂ ಕೆಲಸ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಹಾಕಿಕೊಂಡಿವೆ. ಸಬ್‌ವೂಫರ್ ಬೇರೆಯಾದರೆ ಅದನ್ನು ಅದಕ್ಕೆ ಬೇಕಾದ ಕಡೆ ಇಡಬಹುದು. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಎಂದು ನಮ್ಮ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಅದು ಮೂಲೆಯಲ್ಲಿದ್ದರೂ ಬೇಸ್ ಮುಂದಿನಿಂದಲೇ ಬಂದ ಹಾಗಿರುತ್ತದೆ.

"ಅಷ್ಟು ಚಿಕ್ಕ ಡಬ್ಬಿಯಿಂದ ಏನು ಬರತ್ತೆ?" ಎಂದು ಕೇಳುವವರಿದ್ದಾರೆ. 1954ರವರೆಗೆ ಅವರ ಮಾತು ಸರಿಯಿತ್ತು. ಆಗ ಒಳ್ಳೆಯ ಬೇಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಆ ವರ್ಷ ಅಮೆರಿಕದಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿದರು. ವಿಲ್ಚರ್ ಮಾಡಿದ್ದು ಇಷ್ಟೇ: ಕೋನ್ ಅನ್ನು, ಅಂದರೆ ನಡುಗಿ ಸದ್ದು ಹುಟ್ಟಿಸುವ ಸ್ಪೀಕರಿನ ಶಂಕುವನ್ನು, ಹಿಡಿದಿಡುವ ಗಡುಸು ಪಟ್ಟಿಯನ್ನು ಸಡಿಲ ಮಾಡಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರು. ಒಳಗೆ ಸಿಕ್ಕ ಗಾಳಿಯೇ ಸ್ಪ್ರಿಂಗ್ ಆಯಿತು. ಪೆಟ್ಟಿಗೆ ಪುಟ್ಟದಾಯಿತು, ಬೇಸ್ ಕೆಳಗಿಳಿಯಿತು.

ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಕ್ಲಾಸ್ ಜೊತೆ ಮುಂದೆ ಇನ್ನೊಂದು ಕಂಪನಿ ಕಟ್ಟಿದ ಆಂಟನ್ ಹಾಫ್‌ಮನ್ ಅದನ್ನು ಒಂದು ನಿಯಮವಾಗಿಯೇ ಹೇಳಿದರು. ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ವಾಟ್‌ಗೆ ಜೋರು ಸದ್ದು, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ, ಮೂರನೆಯದು ಸಿಗುವುದಿಲ್ಲ. ಅಂಗಡಿಯವರು ಮೂರೂ ಕೊಡುತ್ತೇವೆ ಎಂದರೆ ನಕ್ಕು ಮುಂದೆ ಹೋಗಿ. ಈಗಿನ ಪುಟಾಣಿ ಸಬ್‌ವೂಫರ್‌ಗಳು ಮೂರನೆಯದನ್ನು ಬಿಟ್ಟುಕೊಟ್ಟಿವೆ. ಅದಕ್ಕೇ ಅವುಗಳೊಳಗೆ ನೂರಾರು ವಾಟ್‌ನ ಆಂಪ್ಲಿಫೈಯರ್ ಕೂತಿರುತ್ತದೆ.

ಪೆಟ್ಟಿಗೆಯಲ್ಲಿ ಇನ್ನೊಂದು ಜಾತಿ ಇದೆ, ತೂತು ಇರುವುದು. ಇದಕ್ಕೆ ಪೋರ್ಟೆಡ್ ಎನ್ನುತ್ತಾರೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡ ಊದಿದರೆ ಬೂಂ ಎನ್ನುತ್ತದಲ್ಲ, ಅದೇ ಉಪಾಯ. ಕೋನ್ ಸುಸ್ತಾಗುವ ಕಡೆ ತೂತು ನೆರವಿಗೆ ಬರುತ್ತದೆ. ಅದೇ ಗಾತ್ರಕ್ಕೆ ಜಾಸ್ತಿ ಬೇಸ್ ಸಿಗುತ್ತದೆ. ಆದರೆ ಅದರ ಗಡಿ ದಾಟಿದ ಮೇಲೆ ಬೇಸ್ ದಬಕ್ಕನೆ ಬೀಳುತ್ತದೆ, ಒಂದು ಆಕ್ಟೇವ್ ಇಳಿದರೆ, ಅಂದರೆ ಹರ್ಟ್ಜ್ ಅರ್ಧವಾದರೆ, 24 ಡೆಸಿಬೆಲ್. ಮುಚ್ಚಿದ ಪೆಟ್ಟಿಗೆಯಲ್ಲಿ 12 ಮಾತ್ರ. ನಮ್ಮ ಕಾಂಕ್ರೀಟ್ ಹಾಲ್ ಹೇಗೂ ಕೆಳಗಿನ ಬೇಸ್ ಅನ್ನು ಎತ್ತಿಕೊಡುತ್ತದೆ, ಹಾಗಾಗಿ ಸಂಗೀತಕ್ಕೆ ನನ್ನ ಮತ ಮುಚ್ಚಿದ ಪೆಟ್ಟಿಗೆಗೆ. ಸಿನಿಮಾದ ಗುಡುಗು ಸ್ಫೋಟವೇ ಮುಖ್ಯವಾದರೆ ತೂತಿನದು ತನ್ನಿ. ಈಗಾಗಲೇ ತೂತಿನ ಸ್ಪೀಕರ್ ತಂದು ಗುಂಯ್ ಜಾಸ್ತಿಯಾಗಿದೆಯೇ? ತೂತಿಗೆ ಒಂದು ಕಾಲುಚೀಲ ತುರುಕಿ ನೋಡಿ. ತಮಾಷೆಯಲ್ಲ, ಕೆಲವು ಕಂಪನಿಗಳು ಇದೇ ಕೆಲಸಕ್ಕೆ ಫೋಮ್ ಬಿರಡೆಯನ್ನು ಜೊತೆಗೇ ಕೊಡುತ್ತವೆ. ಒಗೆದ ಕಾಲುಚೀಲವಾದರೆ ಒಳ್ಳೆಯದು.

ಈಗ ಡಬ್ಬದ ಮೇಲಿನ ಅಂಕಿಗಳು. 90ರ ದಶಕದ ಟೇಪ್‌ರೆಕಾರ್ಡರ್ ಮೇಲೆ 1000 ವಾಟ್ ಪಿಎಂಪಿಒ ಎಂಬ ಸ್ಟಿಕರ್ ನೋಡಿದ ನೆನಪಿದೆಯಾ? ಅದು ಬರೀ ಬಡಾಯಿ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್, ಎಂದು ಬರೆದದ್ದನ್ನು ಮಾತ್ರ ನಂಬಿ. ಅದಕ್ಕಿಂತ ಮುಖ್ಯ ಸೆನ್ಸಿಟಿವಿಟಿ. 85 ಡೆಸಿಬೆಲ್ ಎಂದಿದ್ದರೆ, ಒಂದು ವಾಟ್‌ನಷ್ಟು ಸಿಗ್ನಲ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಎಂದರ್ಥ. ಅದು ಆಗಲೇ ಜೋರು. ಹಾಗಾಗಿ ಮಾಮೂಲಿಯಾಗಿ ಕೇಳುವಾಗ ಒಂದೆರಡು ವಾಟ್ ಕೂಡ ಖರ್ಚಾಗುವುದಿಲ್ಲ. ಉಳಿದದ್ದು ಮೃದಂಗದ ಪೆಟ್ಟಿನಂಥ ಕ್ಷಣಗಳಿಗೆ. 88 ಡೆಸಿಬೆಲ್‌ನ ಸ್ಪೀಕರ್ ಅರ್ಧ ವಾಟ್‌ನಲ್ಲೇ ಅದೇ ಕೆಲಸ ಮಾಡುತ್ತದೆ. 3 ಡೆಸಿಬೆಲ್ ಅಂದರೆ ಎರಡು ಪಟ್ಟು ವಾಟ್. "40 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್" ಎಂದಿದ್ದರೆ ಪಕ್ಕದಲ್ಲಿ ಪ್ಲಸ್ ಮೈನಸ್ 3 ಡೆಸಿಬೆಲ್ ಎಂದಿದೆಯೇ, ಅಂದರೆ ಸದ್ದಿನ ಏರಿಳಿತ ಅಷ್ಟರೊಳಗೇ ಇದೆಯೇ, ನೋಡಿ. ಅದಿಲ್ಲದ ಅಂಕಿ ಮದುವೆ ಮಾತುಕತೆಯಲ್ಲಿ ಹೇಳುವ ಸಂಬಳದ ಹಾಗೆ.

ಒಳ್ಳೆಯ ಸ್ಪೀಕರ್ ಯಾವುದು ಎಂಬುದು ಬರೀ ರುಚಿಯ ಮಾತಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿದರು. ಸ್ಪೀಕರನ್ನು ಪರದೆಯ ಹಿಂದೆ ಮುಚ್ಚಿಟ್ಟು, ವಾಲ್ಯೂಮ್ ಸಮ ಮಾಡಿ ಕೇಳಿಸಿದರು. ಬೆಲೆ, ಹೆಸರು, ಅಂದ ಯಾವುದೂ ಕಾಣದಿದ್ದಾಗ ಹೆಚ್ಚಿನವರು ಒಂದೇ ಬಗೆಯದನ್ನು ಮೆಚ್ಚಿದರು. ಎದುರಿಗೆ ಸಮತಟ್ಟಾದ ಸದ್ದು, ಪಕ್ಕಕ್ಕೆ ಹೋಗುವ ಸದ್ದೂ ಅದೇ ಬಣ್ಣದ್ದು. ಅಂಗಡಿಯಲ್ಲಿ ನೀವೂ ಇದರಲ್ಲಿ ಸ್ವಲ್ಪ ಮಾಡಬಹುದು. ಎದ್ದು ಪಕ್ಕಕ್ಕೆ ಸರಿದು ಕೇಳಿ. ಹಾಡುವವರ ದನಿ ಕಂಬಳಿ ಹೊದ್ದಂತಾದರೆ ಬೇಡ. ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿ. ಕೂದಲೆಳೆಯಷ್ಟು ಜೋರಾದದ್ದೇ ಚೆನ್ನಾಗಿ ಕೇಳುತ್ತದೆ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು. ನಿಮ್ಮ ಹಾಡು ನೀವೇ ಒಯ್ಯಿರಿ. ಸಿನಿಮಾ ಬೇಸ್ ಬೇಡ, ಬರೀ ಮನುಷ್ಯರ ದನಿ ಇರಲಿ. ಯಕ್ಷಗಾನದ ಭಾಗವತರ ಒಂದು ಒಳ್ಳೆಯ ಧ್ವನಿಮುದ್ರಣ ಹಾಕಿದರೆ ಸ್ಪೀಕರಿನ ಬಂಡವಾಳ ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಚೆಂಡೆ ಕಿವಿಗೆ ಚುಚ್ಚಿದರೆ ಟ್ವೀಟರ್, ಅಂದರೆ ಮೇಲಿನ ಸ್ವರಗಳ ಪುಟ್ಟ ಸ್ಪೀಕರ್, ಅದರ ಮೇಲೆ ಗುಮಾನಿ ಇರಲಿ.

ಮನೆಗೆ ಬಂದ ಮೇಲಿನ ಕೆಲಸಕ್ಕೆ ಅಳತೆ ಟೇಪ್ ಒಂದಿದ್ದರೆ ಸಾಕು. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸೇರಿ ಸಮಬಾಹು ತ್ರಿಕೋನ. ಟ್ವೀಟರ್ ಕಿವಿಯ ಎತ್ತರಕ್ಕೆ. ಷೋಕೇಸ್ ಒಳಗೆ ತುರುಕಬೇಡಿ. ಸೋಫಾವನ್ನು ಗೋಡೆಯಿಂದ ಮುಂದಕ್ಕೆ ಎಳೆಯಿರಿ, ಆದರೆ ನಟ್ಟನಡುವಿಗೂ ಬೇಡ. ಕೋಣೆಯ ಉದ್ದದ ಸುಮಾರು ಮೂರನೇ ಒಂದು ಭಾಗದ ಆಸುಪಾಸಿನಿಂದ ಶುರುಮಾಡಿ. ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಕಷ್ಟ, ಗೊತ್ತು. ಅರ್ಧ ಅಡಿ ಸಿಕ್ಕರೂ ಲಾಭ. ಪಕ್ಕದ ಗೋಡೆಯ ಮೇಲೆ ಯಾರಾದರೂ ಕನ್ನಡಿ ಹಿಡಿದು ಸರಿಸುತ್ತಾ ಹೋಗಲಿ. ಕೂತಲ್ಲಿಂದ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ದಪ್ಪ ಪರದೆ ಅಥವಾ ಪುಸ್ತಕದ ಕಪಾಟು ಬರಲಿ. ಸ್ಪೀಕರಿಗೂ ಸೋಫಾಕ್ಕೂ ನಡುವಿನ ಬರಿ ಟೈಲ್ಸ್ ಮೇಲೆ ಒಂದು ನವಲಗುಂದದ ಜಮಖಾನ ಹಾಸಿ. ದನಿಯ ಮೇಲಿನ ಕಣಕಣ ತಗ್ಗುತ್ತದೆ. ಬೇಸ್‌ಗೆ ಮಾತ್ರ ಇದು ಯಾವುದೂ ಲೆಕ್ಕಕ್ಕಿಲ್ಲ. ಎಂಟು ಮೀಟರ್ ಅಲೆಯನ್ನು ಜಮಖಾನ ಹೇಗೆ ತಡೆದೀತು? ಸದ್ದು ತಡೆಯಲೆಂದು ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿಗೂ ಇದೇ ಉತ್ತರ.

ಬೇಸ್‌ಗೆ ಇರುವ ಮದ್ದು ಜಾಗ. ಸಬ್‌ವೂಫರ್ ಎಲ್ಲಿಡಬೇಕು ಎಂದು ಪತ್ತೆಮಾಡುವ ವಿಧಾನ ಸ್ವಲ್ಪ ಮಾನ ಕಳೆಯುವಂಥದ್ದು. ಅದನ್ನು ಎತ್ತಿ ಸೋಫಾದಲ್ಲಿ, ನೀವು ಕೂರುವ ಕಡೆ ಇಡಿ. ಬೇಸ್ ಮೇಲೆಕೆಳಗೆ ಓಡಾಡುವ ಒಂದು ಹಾಡನ್ನು ಮತ್ತೆ ಮತ್ತೆ ಹಾಕಿ. ಈಗ ನೀವು ಅಂಬೆಗಾಲಿಟ್ಟು ಗೋಡೆಗುಂಟ ಹೋಗಿ, ಕಿವಿ ನೆಲದ ಹತ್ತಿರ ಇರಲಿ. ಒಂದು ಕಡೆ ಗುಂಯ್ ಎನ್ನುತ್ತದೆ, ಒಂದು ಕಡೆ ಬೇಸೇ ಇಲ್ಲ, ಎಲ್ಲೋ ಒಂದು ಕಡೆ ಎಲ್ಲ ಸ್ವರವೂ ಸಮ. ಅಲ್ಲೇ ಸಬ್‌ವೂಫರ್ ಇಡಿ. ಸದ್ದಿನ ದಾರಿ ಎರಡೂ ಕಡೆಗೆ ಒಂದೇ. ಅಲ್ಲಿಂದ ಇಲ್ಲಿಗೆ ಹೇಗೋ ಇಲ್ಲಿಂದ ಅಲ್ಲಿಗೂ ಹಾಗೇ. ಆದ್ದರಿಂದ ಈ ಅದಲುಬದಲು ಕೆಲಸ ಮಾಡುತ್ತದೆ. ಬಾಗಿಲು ಹಾಕಿಕೊಂಡು ಮಾಡಿ. ನಾನು ಹಾಕಿಕೊಂಡಿರಲಿಲ್ಲ, ಹಾಲಿನ ದುಡ್ಡು ಕೇಳಲು ಬಂದವರು ಮೊಬೈಲ್ ಬಿದ್ದಿದೆಯೇನೋ ಎಂದು ತಾವೂ ಬಗ್ಗಿ ಹುಡುಕಲು ಶುರುಮಾಡಿದರು.

ಜಾಗ ಸಿಕ್ಕಿತು, ಇನ್ನು ಗುಂಡಿಗಳು. ನಿಮ್ಮ ರಿಸೀವರ್, ಅಂದರೆ ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ, ಬೇಸ್ ಅನ್ನು ಹಂಚಿಕೊಡುವಂಥದ್ದಾದರೆ ಕ್ರಾಸ್‌ಓವರ್ ಅನ್ನು, ಅಂದರೆ ಸದ್ದು ಸ್ಪೀಕರಿನಿಂದ ಸಬ್‌ವೂಫರಿಗೆ ದಾಟುವ ಗಡಿಯನ್ನು, 80 ಹರ್ಟ್ಜ್‌ಗೆ ಇಡಿ. ಆಗ ಸಬ್‌ವೂಫರ್ ಮೇಲಿನ ಕ್ರಾಸ್‌ಓವರ್ ಗುಂಡಿ ಪೂರ್ತಿ ತೆರೆದಿರಲಿ, ಇಬ್ಬರು ಯಜಮಾನರು ಬೇಡ. ಬರೀ ಸ್ಟೀರಿಯೋ ಆಂಪ್ಲಿಫೈಯರ್ ಇದ್ದರೆ ಚಿಕ್ಕ ಸ್ಪೀಕರ್ ಎಲ್ಲಿ ಸುಸ್ತಾಗುತ್ತದೋ ಅಲ್ಲಿಗೆ, 50 ಅಥವಾ 60ಕ್ಕೆ, ಸಬ್‌ವೂಫರಿನ ಗುಂಡಿ ತಿರುಗಿಸಿ. ಫೇಸ್ ಎಂಬ ಸ್ವಿಚ್ ಇರುತ್ತದೆ, 0 ಮತ್ತು 180. ಎರಡೂ ಕೂಡುವ ಕಡೆಯ ಸ್ವರ ಹಾಕಿ, ಸೋಫಾದಲ್ಲಿ ಕೂತು, ಯಾವುದರಲ್ಲಿ ಸದ್ದು ಜಾಸ್ತಿಯೋ ಅದನ್ನೇ ಬಿಡಿ. ಕಡಿಮೆಯಾದರೆ ಸಬ್‌ವೂಫರೂ ಸ್ಪೀಕರೂ ಒಂದನ್ನೊಂದು ಎಳೆದಾಡುತ್ತಿವೆ ಎಂದರ್ಥ. ಕೊನೆಗೆ ವಾಲ್ಯೂಮ್. ಎಷ್ಟು ಬೇಕೆನಿಸುತ್ತದೋ ಅಷ್ಟಕ್ಕೆ ಇಟ್ಟು, ಒಂದು ವಾರ ಕೇಳಿ, ಆಮೇಲೆ ಸ್ವಲ್ಪ ಇಳಿಸಿ. ಹೊಸದರಲ್ಲಿ ಎಲ್ಲರೂ ಜಾಸ್ತಿಯೇ ಇಡುತ್ತಾರೆ.

ದುಡ್ಡಿದ್ದರೆ ಒಂದು ದೊಡ್ಡ ಸಬ್‌ವೂಫರ್ ಬದಲು ಎರಡು ಚಿಕ್ಕವು ತನ್ನಿ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಹಲವು ಜೋಡಣೆಗಳನ್ನು ಲೆಕ್ಕ ಹಾಕಿ ತೋರಿಸಿದರು. ಎದುರುಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದು ಇಟ್ಟರೆ ಬೇಸ್ ಎಷ್ಟೋ ಸಮನಾಗುತ್ತದೆ. ಮತ್ತೆ ಆ ನೀರಿನ ತಟ್ಟೆ ನೆನೆಯಿರಿ. ಒಂದು ತುದಿಯಲ್ಲಿ ಒತ್ತಿದರೆ ನೀರು ತುಳುಕಾಡುತ್ತದೆ. ಎರಡೂ ತುದಿಯಲ್ಲಿ ಒಟ್ಟಿಗೇ ಒತ್ತಿದರೆ? ಆ ತೂಗಾಟ ಶುರುವಾಗುವುದೇ ಇಲ್ಲ.

ಇಷ್ಟರ ಮೇಲೂ ಗುಂಯ್ ಉಳಿದರೆ ಈಕ್ವಲೈಜರ್, ಅಂದರೆ ಬೇರೆಬೇರೆ ಸ್ವರಗಳ ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ. ರೂಮ್ ಈಕ್ಯೂ ವಿಝಾರ್ಡ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅಳತೆಗೆಂದೇ ಮಾಡಿದ ಒಂದು ಯುಎಸ್‌ಬಿ ಮೈಕ್ ಇದ್ದರೆ ನಿಮ್ಮ ಹಾಲ್‌ನ ಬೇಸ್ ಗೆರೆಯಾಗಿ ಪರದೆ ಮೇಲೆ ಕಾಣುತ್ತದೆ. ನಾನು 172ರ ಲೆಕ್ಕ ಹಾಕಿದ್ದು ಅಲ್ಲಿ ಗುಡ್ಡಗಳಾಗಿ ನಿಂತಿದ್ದು ನೋಡಿ ಖುಷಿಪಟ್ಟಿದ್ದೆ. ಗುಡ್ಡಗಳನ್ನು ಕಡಿಯಿರಿ. ಹಳ್ಳ ತುಂಬಲು ಹೋಗಬೇಡಿ. ಅಲ್ಲಿ ಅಲೆಗಳು ಒಂದನ್ನೊಂದು ಅಳಿಸುತ್ತಿವೆ. ನೀವು ಹಾಕುವ ಪ್ರತಿ ವಾಟ್ ಕೂಡ ಅಲ್ಲೇ ಅಳಿಸಿಹೋಗುತ್ತದೆ, ಕೊನೆಗೆ ಸುಡುವುದು ಆಂಪ್ಲಿಫೈಯರ್.

ಕೇಬಲ್ ಬಗ್ಗೆ ಒಂದೇ ಮಾತು. ಎಸ್‌ಪಿ ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ 1.5 ಅಥವಾ 2.5 ಚದರ ಮಿಲಿಮೀಟರ್‌ನ ತಾಮ್ರದ ತಂತಿ ಸಾಕು. ಸಬ್‌ವೂಫರ್ ಸಿಕ್ಕಿಸಿದ ಕೂಡಲೇ ಹಾಡಿಲ್ಲದಿದ್ದರೂ ಝೂಂ ಎಂದರೆ ಅದು ಕರೆಂಟಿನ 50 ಹರ್ಟ್ಜ್. ಎಲ್ಲ ಸಾಮಾನನ್ನೂ ಒಂದೇ ಪ್ಲಗ್ ಬೋರ್ಡಿಗೆ ತನ್ನಿ, ಆಮೇಲೆ ಕೇಬಲ್ ಟಿವಿಯ ತಂತಿ ಬಿಚ್ಚಿ ನೋಡಿ, ಹಲವು ಸಲ ಕಳ್ಳ ಅದೇ. ಅರ್ಥಿಂಗ್ ಪಿನ್ ಮಾತ್ರ ಕೀಳಬೇಡಿ, ಜೀವದ ಪ್ರಶ್ನೆ.

ಇನ್ನು ಕೆಳಗಿನ ಮನೆಯವರು. ಕಾಂಕ್ರೀಟು ಬೇಸ್ ಅನ್ನು ಒಳಗೆ ಕೂಡಿಹಾಕುವಷ್ಟೇ ಸಲೀಸಾಗಿ ನಡುಕವನ್ನು ಕಂಬ ತೊಲೆಗಳಲ್ಲಿ ದಾಟಿಸುತ್ತದೆ. ಸಬ್‌ವೂಫರ್ ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಹಾಸಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಅಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನಿನ ಮಿತಿ 45 ಡೆಸಿಬೆಲ್. ರಾತ್ರಿ ಮೆಲ್ಲಗೆ ಕೇಳಿದರೆ ಬೇಸ್ ಕಾಣೆಯಾಗುತ್ತದೆ ಎಂದು ಬೇಜಾರಾಗಬೇಡಿ. ಸದ್ದು ಇಳಿದಷ್ಟೂ ಕಿವಿ ಬೇಸ್ ಅನ್ನು ಇನ್ನೂ ಕಡಿಮೆ ಹಿಡಿಯುತ್ತದೆ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದಿದ್ದಾರೆ. ಹಳೆಯ ಆಂಪ್ಲಿಫೈಯರ್‌ಗಳಲ್ಲಿದ್ದ ಲೌಡ್‌ನೆಸ್ ಎಂಬ ಗುಂಡಿ ಇದಕ್ಕೇ ಇದ್ದದ್ದು.

ನಮ್ಮ ಮನೆಯ ಎದೆಮಟ್ಟದ ಜೋಡಿ ಈಗ ತಮ್ಮನ ಮನೆಯಲ್ಲಿದೆ. ಅವನ ಹಾಲ್ ಊಟದ ಮನೆಗೆ ತೆರೆದುಕೊಂಡಿದೆ, ಅಲ್ಲಿ ಅವು ಅಂಗಡಿಯಲ್ಲಿ ಹಾಡಿದಂತೆಯೇ ಹಾಡುತ್ತವೆ. ನಮ್ಮಲ್ಲಿ ಎರಡು ಪುಟ್ಟ ಸ್ಪೀಕರ್ ಇವೆ. ಸಬ್‌ವೂಫರ್ ಇರುವುದು ಅಂಬೆಗಾಲಿಟ್ಟು ಹುಡುಕಿದಾಗ ಸಿಕ್ಕ ಜಾಗದಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಬಂದವರು ಅದರ ಮೇಲೆ ಕೂತು ಲೇಸ್ ಕಟ್ಟಿಕೊಳ್ಳುತ್ತಾರೆ. ನೆಲ ಒರೆಸುವಾಗ ಸರಿದರೆ ಮತ್ತೆ ಹುಡುಕುವುದು ಬೇಡ ಎಂದು ಅದರ ನಾಲ್ಕು ಕಾಲಿನ ಕೆಳಗೂ ಟೈಲ್ಸ್‌ಗೆ ಟೇಪ್ ಅಂಟಿಸಿದ್ದೇನೆ.